ಹನ್ನೊಂದು ಸೀಸದ ಗಟ್ಟಿಗಳು

ಅವಳು ಬಾಗಿಲು ತಟ್ಟಿದಾಗ ತಕ್ಕಡಿಯವರು ಆ ದಿನದ ಬ್ರೆಡ್ಡನ್ನು ತೂಗುತ್ತಿದ್ದರು. ಹೊದಿಕೆಯ ಮೇಲೆ ನಾನೂರು ಗ್ರಾಂ ಎಂದಿತ್ತು. ತಕ್ಕಡಿಯ ಮುಳ್ಳು ಮುನ್ನೂರ ಎಪ್ಪತ್ತೆರಡಕ್ಕೆ ನಿಂತಿತ್ತು.

"ಕಳ್ಳ" ಎಂದರು, ಹವಾಮಾನ ಹೇಳುವವರ ದನಿಯಲ್ಲಿ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ನಿವೃತ್ತರಾದ ಮನುಷ್ಯ, ಊರಿಗೆಲ್ಲ ತಕ್ಕಡಿಯವರು. ಆ ಮೂವತ್ತೊಂದು ವರ್ಷದಲ್ಲಿ ಮನುಷ್ಯಜಾತಿಯ ಬಗ್ಗೆ ಒಳ್ಳೆಯ ಮಾತಾಡಲು ಅವರಿಗೆ ಒಂದು ಕಾರಣವೂ ಸಿಕ್ಕಿರಲಿಲ್ಲ. ಹಾಗಿದ್ದೂ ಊರಿನ ಜನ ತಮ್ಮ ಕಳವು, ವಂಚನೆ, ಮನೆಜಗಳಗಳನ್ನೆಲ್ಲ ಅವರ ಮಹಡಿ ಹತ್ತಿಸಿ ತರುತ್ತಿದ್ದರು. ಬೈಸಿಕೊಂಡರೂ ಸರಿ, ಉತ್ತರ ಸಿಗುತ್ತದೆ ಎಂಬ ನಂಬಿಕೆ. ನಾನು ಪಕ್ಕದ ಕೋಣೆಯವನು, ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಮಂದವಾದವನು. ಬೇರೆಯವರ ತಪ್ಪು ಹುಡುಕುವುದೇ ಇಬ್ಬರ ಕಸುಬಾದ್ದರಿಂದ ನಮಗೆ ಹೊಂದಿಕೆಯಾಗಿತ್ತು.

ಬಂದವಳಿಗೆ ಇಪ್ಪತ್ತೆಂಟರ ಆಸುಪಾಸು. ಉಗುರಿನ ಸುತ್ತ ಕೆಂಪು, ಹಸಿರು, ಬಿಳಿ ಬಣ್ಣ ಕಚ್ಚಿಕೊಂಡಿತ್ತು.

"ಇವತ್ತು ನಾಲ್ಕು ಗಂಟೆಗೆ ನನ್ನನ್ನ ಠಾಣೆಗೆ ಕರ್ಕೊಂಡು ಹೋಗ್ತಾರೆ" ಅಂದಳು. "ಮಾವನ ಕಣ್ಣು ತೆಗೆದೆ ಅಂತ."

"ತೆಗೆದ್ರಾ?"

"ಇಲ್ಲ."

"ಕೂತ್ಕೊಳ್ಳಿ. ನಿಧಾನವಾಗಿ ಹೇಳಿ. ಅಳೋದು ಇದ್ರೆ ಮೊದಲೇ ಅತ್ತುಬಿಡಿ, ಮಧ್ಯದಲ್ಲಿ ಬೇಡ."

ಅವಳು ಅಳಲಿಲ್ಲ. ಹೇಳಿದಳು.

ಅವಳ ಮಾವ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತನಾದವನು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹುಯ್ದು, ಗಾಳ ಹಾಕುವವರಿಗೆ ಜಿಗ್ ಹೆಡ್ ಮಾಡಿಕೊಡುತ್ತಿದ್ದ.

"ಅದೇನದು?" ಎಂದರು ತಕ್ಕಡಿಯವರು.

"ಗಾಳದ ಕುತ್ತಿಗೆಗೆ ಸೀಸದ ಗುಂಡು ತಲೆ. ಆ ತಲೆಯ ಹಿಂದೆ ರಬ್ಬರ್ ಮೀನು ಚುಚ್ಚೋದು. ಅಂಗಡಿಯಲ್ಲಿ ಸಿಗೋದ್ರಲ್ಲಿ ನಾಲ್ಕು ಸಲ ಎಸೆದ್ರೆ ರಬ್ಬರು ಕೆಳಗೆ ಜಾರಿ, ಕಾಲುಚೀಲದ ಹಾಗೆ ಮುದುಡ್ಕೊಳ್ಳುತ್ತೆ. ನಮ್ಮದ್ರಲ್ಲಿ ಜಾರಲ್ಲ. ಸೀಸ ಹುಯ್ಯೋಕೆ ಮೊದಲೇ ಗಾಳದ ಕಾಲಿಗೆ ಸಣ್ಣ ಉಕ್ಕಿನ ತಂತಿ ಎರಡು ಸುತ್ತು ಸುತ್ತಿ, ತುದೀನ ತಲೆ ಕಡೆಗೆ ಮುಳ್ಳಿನ ಹಾಗೆ ಬಾಗಿಸಿ ಬಿಡ್ತೀವಿ. ಅರ್ಧ ಸುತ್ತು ಸೀಸದೊಳಗೆ ಕಚ್ಚಿಕೊಳ್ಳುತ್ತೆ. ರಬ್ಬರು ಹತ್ತುತ್ತೆ, ಇಳಿಯಲ್ಲ."

"ಅಂದ್ರೆ ಮೀನಿಗೆ ಮೋಸ ಮಾಡೋಕೆ ಇಷ್ಟೆಲ್ಲ. ನಮ್ಮ ಅಂಗಡಿಯವರು ತಕ್ಕಡಿ ತಳಕ್ಕೆ ಹುಣಸೇಹಣ್ಣು ಮೆತ್ತಿ ಮುಗಿಸ್ತಾರೆ. ನಿಮ್ಮ ಕೆಲಸ ಏನು?"

"ಬಣ್ಣ ನಂದು. ಕಣ್ಣು ಬರೀತೀನಿ."

ಶನಿವಾರ ಬೆಳಗ್ಗೆ ಏಳಕ್ಕೆ ಅವಳು ಶೆಡ್ಡಿನ ನೆಲ ಒರೆಸಿದ್ದಳು. ಒಂಬತ್ತೂವರೆಗೆ ಮಾವ ಒಲೆ ಹೊತ್ತಿಸಿದ. ಕರಗಿದ ಸೀಸಕ್ಕೆ ಇನ್ನೊಂದು ಗಟ್ಟಿ ಹಾಕಿದ ಕ್ಷಣಕ್ಕೆ ಇಡೀ ಪಾತ್ರೆ ಸಿಡಿದು ಮುಖಕ್ಕೆ ಎರಚಿತು. ಬಲಗಣ್ಣು ಉಳಿಯಿತು. ಎಡಗಣ್ಣಿನ ಮಾತನ್ನು ವೈದ್ಯರು ಮುಂದಿನ ವಾರಕ್ಕೆ ಹಾಕಿದ್ದರು.

"ನೆಲ ಒದ್ದೆ ಮಾಡಿದ್ದು ನಾನು, ಬಕೆಟ್ ಬಿಟ್ಟಿದ್ದು ನಾನು, ಬೇಕಂತಲೇ ಸೀಸಕ್ಕೆ ನೀರು ಬೀಳೋ ಹಾಗೆ ಮಾಡಿದ್ದು ನಾನು ಅಂತ ಅತ್ತೆ ದೂರು ಕೊಟ್ಟಿದ್ದಾರೆ. ಹಿಂದಿನ ದಿನ ತಾನೇ ನಾನು ಬೇರೆ ಮನೆ ಮಾಡೋಣ ಅಂದಿದ್ದೆ. ಅದೊಂದು ಸಿಕ್ತು ಅವರಿಗೆ. ನನ್ನ ಗಂಡ ರುಜು ಹಾಕಿದ್ರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಮಾವನ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡ್ರು."

"ಗಂಡ ಏನಂತಾನೆ?"

"ಅಮ್ಮ ಹೇಳಿದ್ಮೇಲೆ ಇನ್ನೇನು ಅಂತಾರೆ."

"ಎಲೆಕ್ಟ್ರಿಷಿಯನ್ನಾ?"

ಅವಳು ಬೆರಗಾದಳು. "ಹೇಗೆ ಗೊತ್ತಾಯ್ತು?"

"ನಿಮ್ಮ ಚೀಲದ ಹಿಡಿಗೆ ವೈರಿನ ಟೇಪು ಸುತ್ತಿದೆ. ಗಂಡನ ಬಗ್ಗೆ ಹೇಳಿಕೊಳ್ಳೋದಕ್ಕೆ ಅದೊಂದೇ ಉಪಕಾರ ಕಾಣ್ತಿದೆ. ನಡೀರಿ."

*

ಶೆಡ್ಡು ಅಚ್ಚುಕಟ್ಟಾಗಿತ್ತು. ಇಕ್ಕಳ, ಕತ್ತರಿ, ತಂತಿಸುರುಳಿ ಎಲ್ಲವೂ ಗೋಡೆಯ ಮೇಲೆ ತಮ್ಮ ತಮ್ಮ ಮೊಳೆಗಳಲ್ಲಿ. ಒಲೆಯ ನೇರ ಮೇಲಿನ ತಗಡಿಗೆ ಸೀಸ ಬೆಳ್ಳಿಯ ನಕ್ಷತ್ರಗಳ ಹಾಗೆ ಅಂಟಿತ್ತು. ಪಾತ್ರೆಯಲ್ಲಿ ಚಮಚೆಯಷ್ಟೂ ಉಳಿದಿರಲಿಲ್ಲ. ತಕ್ಕಡಿಯವರು ಮಂಡಿಯೂರಿ ನೆಲದ ಮೇಲೆ ಬಿದ್ದ ಸೀಸದ ಬಿಲ್ಲೆಗಳನ್ನು ಕಿತ್ತು ನೋಡಿದರು. ತಳ ಕನ್ನಡಿಯ ಹಾಗೆ ನುಣುಪು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಎಲ್ಲಾ ನೋಡಿ ಸ್ವಾಮಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಕೆಟ್ಟು ಅಲ್ಲೇ ಇತ್ತು."

"ನೀವು ಈ ಶೆಡ್ಡಿಗೆ ಬರ್ತೀರಾ ತಾಯಿ?"

"ನಾನ್ಯಾಕೆ ಬರ್ಲಿ? ಹೊಗೆ, ಮಸಿ. ಮದುವೆಯಾದ ಹೊಸದರಲ್ಲೂ ಬಂದವಳಲ್ಲ."

"ಒಳ್ಳೇದು. ಈಗಲೂ ಬರಬೇಡಿ."

ಅವಳ ಹಿಂದೆ ಮಗ ನಿಂತಿದ್ದ. ತಾಯಿಯ ಹೆಗಲ ಮೇಲಿಂದ ಲೋಕ ನೋಡಿ ಅಭ್ಯಾಸವಾದ ಗಂಡಸು. ವೈರಿಂಗ್ ಇಲ್ಲದಾಗ ಅವನ ಕೆಲಸ, ಒಣಗಿದ ತಲೆಗಳನ್ನು ಹನ್ನೆರಡರಂತೆ ಕಾಗದದಲ್ಲಿ ಸುತ್ತಿ ಕಟ್ಟುವುದು.

ಮೂಲೆಯಲ್ಲಿ ಬಿಸ್ಕತ್ತಿನ ಆಕಾರದ ಸೀಸದ ಗಟ್ಟಿಗಳು ಪೇರಿಸಿದ್ದವು. ಹನ್ನೊಂದು. ಒಂದೇ ಅಚ್ಚಿನಲ್ಲಿ ಅಂಚಿನವರೆಗೆ ಹುಯ್ದು, ಮೇಲೆ ಸವರಿ ತೆಗೆದವು.

"ಈ ರಾಶಿ ಮುಟ್ಟೋರು ಯಾರು?"

"ಮಾವ, ನಾನು" ಅಂದಳು ಸೊಸೆ. "ಹೋದ ವಾರ ಗಾಳಗಾರರ ಸಂಘದ ಕಾರ್ಯದರ್ಶಿಗಳು ಎರಡು ಗಟ್ಟಿ ಕೇಳಿ ತಗೊಂಡು ಹೋಗಿದ್ರು, ಮನೆಯಲ್ಲಿ ಎರಕ ಹುಯ್ಯಬೇಕು ಅಂತ. ಗುರುವಾರ ವಾಪಸ್ ಕೊಟ್ರು, ಬೇಕಾಗಲಿಲ್ಲ ಅಂತ. ಮೇಲುಗಡೆ ಇಟ್ಟಿದ್ದು ನಾನೇ."

"ಕೈಯಲ್ಲಿ ಹಿಡ್ಕೊಂಡು ಬಂದ್ರಾ?"

"ಇಲ್ಲ, ಮಖಮಲ್ ಚೀಲದಲ್ಲಿ. ಸಂಘದ ಬೆಳ್ಳಿ ಬಟ್ಟಲು ಇಡೋ ಹಸಿರು ಚೀಲ. ಸೀಸಕ್ಕೂ ಅಷ್ಟು ಮರ್ಯಾದೆ ಅಂತ ನಗು ಬಂದಿತ್ತು."

ತಕ್ಕಡಿಯವರು ಕೋಟಿನ ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು ಒಂದೊಂದೇ ಗಟ್ಟಿ ತೂಗಿದರು. ನಾನು ಬರೆದುಕೊಂಡೆ. ನಾನೂರ ತೊಂಬತ್ತೆಂಟು, ಐನೂರ ಒಂದು, ಐನೂರ ಎರಡು. ಹತ್ತು ಗಟ್ಟಿಗಳು ಹೀಗೇ ಹತ್ತಿರ ಹತ್ತಿರ. ಮೇಲಿನಿಂದ ತೆಗೆದ ಒಂದು ಮಾತ್ರ ನಾನೂರ ಅರವತ್ತೊಂದು. ಅವರು ಅದನ್ನು ಬೋರಲು ಹಾಕಿದರು. ಅಡಿಯಲ್ಲಿ ಬಟಾಣಿಯಷ್ಟು ಜಾಗ ಉಳಿದ ಕಡೆಗಿಂತ ಹೊಳಪಾಗಿತ್ತು. ನಾನು ಬೆರಳಿಟ್ಟೆ. ಅಂಟಿಕೊಂಡಿತು. ಅದರ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಹಸಿರು ಜೂಲು.

"ಕರವಸ್ತ್ರ ಕೊಡಿ" ಎಂದು ಗಟ್ಟಿಯನ್ನು ಸುತ್ತಿ ಜೇಬಿಗಿಳಿಸಿದರು. "ಈಗ ಆ ಮರ್ಯಾದಸ್ಥರನ್ನ ನೋಡೋಣ."

*

ಕಾರ್ಯದರ್ಶಿಯ ನಡುಮನೆಯಲ್ಲಿ ಮನುಷ್ಯರಿಗಿಂತ ಮೀನುಗಳ ಫೋಟೋ ಹೆಚ್ಚು. ಪ್ರತಿ ಫೋಟೋದಲ್ಲೂ ಅವನು ಮೀನನ್ನು ಕ್ಯಾಮೆರಾದ ಕಡೆಗೆ ಚಾಚಿ ಹಿಡಿದಿದ್ದ. ಹಾಗೆ ಹಿಡಿದರೆ ಬೆರಳುದ್ದದ್ದು ಮೊಳದುದ್ದ ಕಾಣುತ್ತದೆ. ಮೇಜಿನ ಮೇಲೆ ಹೊಚ್ಚಹೊಸ ಫಲಕ: "ಜಾರದ ಜಿಗ್ ಹೆಡ್ಡಿನ ಜನಕನಿಗೆ."

"ಮೊನ್ನೆ ಭಾನುವಾರ ಕೊಟ್ರು, ನಮ್ಮ ವಾರ್ಷಿಕ ಸಭೆಯಲ್ಲಿ" ಎಂದ. "ನಾನೇ ಬೇಡ ಅಂದೆ. ಬಿಡಬೇಕಲ್ಲ ಜನ. ಹನ್ನೆರಡು ವರ್ಷ ನಾನೇ ಎರಕ ಹುಯ್ದು, ನಾನೇ ತಂತಿ ಸುತ್ತಿ, ನಾನೇ ಬಣ್ಣ ಬಳಿದು ಕಂಡುಹಿಡಿದದ್ದು. ಆ ಶೆಡ್ಡಿನ ಯಜಮಾನರು ಪಾಪ, ಅದನ್ನ ನೋಡಿ ಮಾಡ್ತಿದ್ರು. ಅವರ ಆರೋಗ್ಯಕ್ಕಾಗಿ ಸಭೆಯಲ್ಲಿ ಒಂದು ನಿಮಿಷ ಮೌನ ಮಾಡಿಸಿದೆ."

"ಬದುಕಿರೋರಿಗೆ ಮೌನವಾ?"

"ಗೌರವ, ಗೌರವ."

"ಯಜಮಾನರು ಆ ಸಭೆಗೆ ಬರೋರಿದ್ರಾ?"

"ಬರ್ತೀನಿ ಅಂದಿದ್ರು, ಅಚ್ಚು ತಂದು ಎಲ್ಲರೆದುರು ಹುಯ್ದು ತೋರಿಸ್ತೀನಿ ಅಂತ. ವಯಸ್ಸಾದೋರ ಹಟ." ಅವನು ಸೊಸೆಯ ಮಾತೆತ್ತಿದ. "ಆ ಹುಡುಗಿ ಮಾತ್ರ ಸರಿಯಿಲ್ಲ. ಕೆಲಸಾನೂ ಸರಿಯಿಲ್ಲ. ಅವಳ ಬಣ್ಣ ನೋಡಿ."

ಒಂದು ಡಬ್ಬಿ ತೆರೆದ. ಒಳಗೆ ಬಣ್ಣದ ಸೀಸದ ತಲೆಗಳೂ ರಬ್ಬರ್ ಮೀನುಗಳೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಲೆತು ಬಿದ್ದಿದ್ದವು. ತಲೆಗಳ ಬಣ್ಣ ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡಿತ್ತು. ರಬ್ಬರ್ ಮೀನುಗಳು ನೇರಳೆ ಬಣ್ಣದವು, ಒಳಗೆ ಚಿನ್ನದ ಪುಡಿ ಮಿನುಗುತ್ತಿತ್ತು.

"ಚೆನ್ನಾಗಿವೆ" ಎಂದರು ತಕ್ಕಡಿಯವರು. ಅವರು ಯಾವುದನ್ನಾದರೂ ಚೆನ್ನಾಗಿದೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೊರಗಿಂದ ತರಿಸ್ತೀನಿ. ಈ ಊರಲ್ಲಿ ನನ್ನ ಬಿಟ್ರೆ ಒಬ್ಬರ ಹತ್ರಾನೂ ಇಲ್ಲ. ಮುಟ್ಟೋಕೂ ಕೊಡಲ್ಲ."

"ನಾಲ್ಕು ಗಂಟೆಗೆ ಯಜಮಾನರ ಶೆಡ್ಡಿಗೆ ಬನ್ನಿ. ಇನ್‌ಸ್ಪೆಕ್ಟರ್ ಬರ್ತಾರೆ. ಎರಕದ ವಿಷಯ ಬಲ್ಲವರೊಬ್ಬರು ಬೇಕು. ಡಬ್ಬೀನೂ ತನ್ನಿ."

ಬಲ್ಲವರು ಅಂದದ್ದೇ ತಡ, ಬರುತ್ತೇನೆಂದು ಒಪ್ಪಿಬಿಟ್ಟ. ರಬ್ಬರ್ ಮೀನಿಗೆ ಬಾಯಿ ತೆರೆಯುವ ಪ್ರಾಣಿಗಳು ಕೆರೆಯಲ್ಲಿ ಮಾತ್ರ ಇರುವುದಿಲ್ಲ.

*

ನಾಲ್ಕಕ್ಕೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಯಜಮಾನನನ್ನು ಆರಾಮ ಕುರ್ಚಿಯಲ್ಲಿ ಕೂರಿಸಿದ್ದರು, ಮುಖದ ತುಂಬ ಪಟ್ಟಿ. ಅತ್ತೆ ಈ ಸಲ ಹೊಸ್ತಿಲು ದಾಟಿ ಬಂದಿದ್ದಳು. ಸೊಸೆ ಗೋಡೆಗೆ ಆನಿಕೊಂಡು ನಿಂತಿದ್ದಳು, ಕಾಲ ಬಳಿ ಬಟ್ಟೆಯ ಗಂಟು. ಅತ್ತೆಯೇ ಕಟ್ಟಿಟ್ಟದ್ದಂತೆ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಮೊದಲು ಒಂದು ಸಣ್ಣ ಪ್ರಶ್ನೆ" ಎಂದರು ತಕ್ಕಡಿಯವರು. "ರಬ್ಬರ್ ಮೀನಿನ ಮೇಲೆ ಬೆಳ್ಳಿ ಬಣ್ಣ ಹಚ್ಚಿದ್ರೆ ಎಷ್ಟು ಹೊತ್ತಿಗೆ ಒಣಗುತ್ತೆ? ತಾಯಿ, ನೀವು ಹೇಳಿ."

"ನಂಗೇನು ಗೊತ್ತು?"

"ಕಾರ್ಯದರ್ಶಿಗಳೇ, ನೀವು ಹನ್ನೆರಡು ವರ್ಷ ಬಣ್ಣ ಬಳಿದವರು."

"ಅರ್ಧ ಗಂಟೆ" ಎಂದ ಅವನು, ಗಂಟಲು ಸರಿಮಾಡಿಕೊಂಡು. "ಬಿಸಿಲು ಚೆನ್ನಾಗಿದ್ರೆ ಇಪ್ಪತ್ತೇ ನಿಮಿಷ."

ಗಂಡ ತಲೆ ಎತ್ತಿದ. ಬಾಯಿ ತೆರೆದು, ತಾಯಿಯ ಮುಖ ನೋಡಿ, ಮುಚ್ಚಿಕೊಂಡ.

"ಹೇಳಪ್ಪಾ. ಅಮ್ಮ ಬೈಯಲ್ಲ."

"ಒಣಗಲ್ಲ ಸಾರ್. ರಬ್ಬರಿಂದ ಒಂದು ಥರ ಎಣ್ಣೆ ಬಿಡುತ್ತೆ. ಒಣಗಿದ ಬಣ್ಣಾನೂ ಅದಕ್ಕೆ ತಾಗಿದ್ರೆ ಕರಗುತ್ತೆ. ಅದಕ್ಕೇ ತಲೆಗಳನ್ನ ಬೇರೆ ಕಾಗದದಲ್ಲಿ ಸುತ್ತೋದು ನಾವು."

"ನೀವೇನಂತೀರಮ್ಮ?"

"ಜನ್ಮಕ್ಕೂ ಒಣಗಲ್ಲ" ಅಂದಳು ಸೊಸೆ. "ಕೆಲಸ ಕಲಿತ ಮೊದಲ ವಾರವೇ ಗೊತ್ತಾಗುತ್ತೆ."

"ಸರಿ. ಈಗ ನೀರಿನ ವಿಷಯ." ತಕ್ಕಡಿಯವರು ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದರು. "ಕರಗಿದ ಸೀಸದ ಮೇಲೆ ಹನಿ ಬಿದ್ರೆ ಅದು ಚುಂಯ್ ಅಂತ ಮೇಲೆ ಮೇಲೆ ಓಡಾಡಿ ಆರಿಹೋಗುತ್ತೆ. ಪಾತ್ರೆಯಲ್ಲಿರೋದನ್ನೆಲ್ಲ ಸೂರಿಗೆ ಎಸೀಬೇಕಾದ್ರೆ ನೀರು ಸೀಸದ ಒಳಗೆ ಇರಬೇಕು. ಇನ್ನು ನೆಲ. ಒದ್ದೆ ನೆಲದ ಮೇಲೆ ಬಿದ್ದ ಸೀಸದ ತಳ ಹುಳುಕು ಹಲ್ಲಿನ ಹಾಗೆ ತೂತು ತೂತಾಗುತ್ತೆ. ಈ ಬಿಲ್ಲೆ ನೋಡಿ, ನುಣುಪು. ಏಳಕ್ಕೆ ಒರೆಸಿದ ನೆಲ ಒಂಬತ್ತೂವರೆಗೆ ಒಣಗಿತ್ತು. ಇದನ್ನ ನೋಡೋಕೆ ಬಗ್ಗಬೇಕಿತ್ತು. ಪೊಲೀಸ್ ಇಲಾಖೆಯವರಿಗೆ ಸೊಂಟ ನೋವು ಅಂತ ಕಾಣುತ್ತೆ."

ಇನ್‌ಸ್ಪೆಕ್ಟರ್ ಗಡಿಯಾರ ನೋಡುವುದನ್ನು ನಿಲ್ಲಿಸಿದ.

"ಹಾಗಾದ್ರೆ ನೀರು ಒಳಗೆ ಹೇಗೆ ಹೋಯ್ತು?" ತಕ್ಕಡಿಯವರು ಕರವಸ್ತ್ರ ಬಿಚ್ಚಿದರು. "ಹನ್ನೊಂದು ಗಟ್ಟಿಯಲ್ಲಿ ಹತ್ತು ಸುಮಾರು ಐನೂರು ಗ್ರಾಂ. ಇದೊಂದು ನಲವತ್ತು ಗ್ರಾಂ ಕಡಿಮೆ. ಒಂದೇ ಅಚ್ಚು, ಒಂದೇ ಕೈ. ಆ ನಲವತ್ತು ಗ್ರಾಂ ಸೀಸ ಇದ್ದ ಜಾಗದಲ್ಲಿ ಈಗ ಏನಿದೆ?"

ಗೋಡೆಯಿಂದ ಗರಗಸದ ಬ್ಲೇಡು ತೆಗೆದು ಗಂಡನ ಕೈಗೆ ಕೊಟ್ಟರು. ಅವನು ಕೊಯ್ದ. ಸೀಸ ಮೆತ್ತನೆಯ ಲೋಹ, ಹೆಚ್ಚು ಹೊತ್ತು ಹಿಡಿಯಲಿಲ್ಲ. ನಡುವಿಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಒಂದು ಚಮಚೆ ನೀರು ಹರಿಯಿತು. ಡ್ರಿಲ್ಲಿನಿಂದ ಕೊರೆದ ತೂತು, ಅದರ ಬಾಯಿಗೆ ಒಂದು ಬಿರಡೆ.

"ಶನಿವಾರ ಪಾತ್ರೆಗೆ ಬಿದ್ದದ್ದು ಇದರ ಜೋಡಿ. ಡ್ರಿಲ್ಲು ಎಲ್ಲರ ಮನೆಯಲ್ಲೂ ಇರುತ್ತೆ, ಅದನ್ನ ಬಿಡಿ. ಬಿರಡೆ ನೋಡಿ. ಕರಗಿಸಿ ತುಂಬಿದ ರಬ್ಬರು. ಮೇಲೆ ಸೀಸದ ಹಾಗೆ ಕಾಣಲಿ ಅಂತ ಬೆಳ್ಳಿ ಬಣ್ಣ. ಗುರುವಾರಕ್ಕೂ ಮೊದಲೇ ಹಚ್ಚಿದ್ದು ಇವತ್ತು ಮಂಗಳವಾರ ಬೆರಳಿಗೆ ಅಂಟ್ತಾ ಇದೆ. ಈ ಮನೆಯಲ್ಲಿ ಬಣ್ಣ ಹಚ್ಚೋಳು ಹೀಗೆ ಮಾಡ್ತಾಳಾ? ಕಟ್ಟು ಕಟ್ಟೋನು ಮಾಡ್ತಾನಾ? ರಬ್ಬರ್ ಬಳಸೋನು, ಆದ್ರೆ ಹುಟ್ಟಿದಾಗಿನಿಂದ ಒಂದು ತಲೆಗೂ ಬಣ್ಣ ಹಚ್ಚದೋನು ಮಾಡ್ತಾನೆ. ತನ್ನ ಡಬ್ಬಿಯಲ್ಲಿ ಎರಡನ್ನೂ ಒಟ್ಟಿಗೆ ಹಾಕಿ, ಬಣ್ಣ ಕರಗಿದ್ರೆ ಹಚ್ಚಿದವಳನ್ನ ಬೈಯೋನು ಮಾಡ್ತಾನೆ."

"ಏನ್ ಮಾತಾಡ್ತಿದೀರ?" ಎಂದ ಕಾರ್ಯದರ್ಶಿ. "ರಬ್ಬರು ಯಾರ ಹತ್ರ ಬೇಕಾದ್ರೂ ಇರುತ್ತೆ."

ತಕ್ಕಡಿಯವರು ಬಿರಡೆಯನ್ನು ಚಾಕುವಿನಲ್ಲಿ ಸೀಳಿ ಕಿಟಕಿಗೆ ಹಿಡಿದರು. ನೇರಳೆ. ಒಳಗೆ ಚಿನ್ನದ ಪುಡಿ.

"ಈ ಊರಲ್ಲಿ ನಿಮ್ಮನ್ನ ಬಿಟ್ರೆ ಒಬ್ಬರ ಹತ್ರಾನೂ ಇಲ್ಲ ಅಂದ್ರಿ. ಮುಟ್ಟೋಕೂ ಕೊಡಲ್ಲ ಅಂದ್ರಿ. ಇನ್ನೂ ಒಣಗದ ಬಣ್ಣಕ್ಕೆ ನಿಮ್ಮ ಬೆಳ್ಳಿ ಬಟ್ಟಲಿನ ಚೀಲದ ಹಸಿರು ಜೂಲು ಬೇರೆ ಅಂಟಿದೆ. ಹಳೇ ಪೇಪರಲ್ಲಿ ಸುತ್ತಿ ತಂದಿದ್ರೆ ನನಗೆ ಸ್ವಲ್ಪ ಕಷ್ಟ ಆಗ್ತಿತ್ತು. ನೀವು ವೈಭವದ ಮನುಷ್ಯರು."

"ನಾನು ಹನ್ನೆರಡು ವರ್ಷದಿಂದ ಎರಕ..."

"ಅಲ್ಲೇ ನೀವು ಸಿಕ್ಕಿಬಿದ್ದದ್ದು. ಹನ್ನೆರಡು ವರ್ಷ ಮಾಡಿದ್ರೆ ಅರ್ಧ ಗಂಟೆ ಅನ್ನೋ ಉತ್ತರ ಬಾಯಿಗೆ ಬರ್ತಿರಲಿಲ್ಲ. ಮಾಡಿಲ್ಲ ಅಂತ ಒಪ್ಪಿದ್ರೆ ಫಲಕ ಸುಳ್ಳು. ಭಾನುವಾರ ಯಜಮಾನರು ಬಂದು ಎಲ್ಲರೆದುರು ಹುಯ್ದಿದ್ರೆ, ಅದರ ಮೇಲೆ 'ನೀವೂ ಒಂದು ಹುಯ್ದು ತೋರಿಸಿ' ಅಂದಿದ್ರೆ, ನಿಮಗೆ ಸೌಟು ಹಿಡಿಯೋಕೂ ಬರಲ್ಲ ಅಂತ ಲೋಕಕ್ಕೆ ತಿಳೀತಿತ್ತು. ಅದಕ್ಕೆ ಒಬ್ಬರ ಕಣ್ಣು."

ಕಾರ್ಯದರ್ಶಿ ತಂದ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅವನು ಹೇಳಿದ್ದು ಇಂಥವರು ಎಂದೂ ಹೇಳುವುದನ್ನೇ: "ಕಣ್ಣಿಗೆ ಅಂತ ಮಾಡಲಿಲ್ಲ. ಪಾತ್ರೆ, ಅಚ್ಚು ಹಾಳಾಗಲಿ, ಅಷ್ಟೇ ಅಂದ್ಕೊಂಡೆ. ಎರಡರಲ್ಲಿ ಒಂದಾದ್ರೂ ಶನಿವಾರದೊಳಗೆ ಕೆಲಸ ಮಾಡುತ್ತೆ ಅಂತ..."

"ಎರಡು" ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡ. ಬಲಗಣ್ಣಿನ ಸರದಿಯೂ ಅದೇ ರಾಶಿಯಲ್ಲಿ ಕೂತಿತ್ತು ಎಂಬುದು ಆಗ ಎಲ್ಲರಿಗೂ ಹೊಳೆಯಿತು.

"ಒಂದು ಉಳಿದಿದೆ" ಎಂದರು ತಕ್ಕಡಿಯವರು. "ಯಜಮಾನರೇ, ಆ ತಂತಿಯ ಉಪಾಯ ನಿಜವಾಗಿ ಯಾರದು?"

ಯಜಮಾನ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆದ. ಪಟ್ಟಿಯೊಳಗಿನ ಮುಖ ಕಾಣದಿದ್ದರೂ ಅವನಿಗೆ ಕಷ್ಟವಾಗುತ್ತಿದೆ ಎಂದು ತಿಳಿಯುತ್ತಿತ್ತು.

"ಸೊಸೇದು" ಅಂದ ಕೊನೆಗೆ. "ಬಂದ ಹೊಸದರಲ್ಲಿ ನಾನು ರಬ್ಬರು ಜಾರುತ್ತೆ ಅಂತ ಒದ್ದಾಡ್ತಿದ್ದೆ. ಮಾವ, ಒಂದು ತಂತಿ ಸುತ್ತಿ ನೋಡಿ ಅಂದಳು. ಹೆಂಗಸು ಹೇಳಿದ್ದು ಅಂದ್ರೆ ಗಾಳದೋರು ನಗ್ತಾರೆ ಅಂತ ನನ್ನ ಹೆಸರೇ ಹೇಳ್ಕೊಂಡು ಬಂದೆ."

ಒಬ್ಬ ಕದ್ದದ್ದನ್ನು ಇನ್ನೊಬ್ಬ ಕದ್ದ. ಮೊದಲ ಕಳ್ಳನಿಗೆ ನ್ಯಾಯ ಬೇಕೆಂದು ಮಾಲೀಕಳನ್ನೇ ಠಾಣೆಗೆ ಕಳಿಸಲು ಹೊರಟಿದ್ದರು. ತಕ್ಕಡಿಯವರು ನನ್ನ ಕಡೆ ನೋಡಿದರು. ಮನುಷ್ಯಜಾತಿಯ ಬಗ್ಗೆ ಅವರ ಅಭಿಪ್ರಾಯಕ್ಕೆ ಆ ದಿನವೂ ಧಕ್ಕೆಯಾಗಲಿಲ್ಲ.

ಇನ್‌ಸ್ಪೆಕ್ಟರ್ ಕಾರ್ಯದರ್ಶಿಯನ್ನು ಜೀಪಿಗೆ ಹತ್ತಿಸಿದ. ಅತ್ತೆ ಬಟ್ಟೆಯ ಗಂಟನ್ನು ತಾನೇ ಎತ್ತಿಕೊಂಡಳು.

"ಬಾಮ್ಮ, ಒಳಗೆ ಬಾ. ಸಂಕಟದಲ್ಲಿ ಒಂದು ಮಾತು ಬಂದಿರುತ್ತೆ. ಮನೆ ಮಾತು ಮನೆಯಲ್ಲೇ ಇರ್ಲಿ."

ಸೊಸೆ ಗಂಟನ್ನು ಅವಳ ಕೈಯಿಂದ ಬಿಡಿಸಿ ಮತ್ತೆ ನೆಲದ ಮೇಲಿಟ್ಟಳು.

"ಮಾತಾಗಿದ್ರೆ ಮನೆಯಲ್ಲೇ ಇರ್ತಿತ್ತು ಅತ್ತೆ. ನೀವು ಬರೆದು ಕೊಟ್ಟಿದ್ದೀರಿ. ಮೂರೂ ಜನ ಠಾಣೆಗೆ ಹೋಗಿ, ಬರೆದದ್ದು ಸುಳ್ಳು ಅಂತ ಇನ್ನೊಂದು ಬರೆದುಕೊಟ್ಟು ಬನ್ನಿ."

"ಇವರನ್ನ ಈ ಸ್ಥಿತಿಯಲ್ಲಿ?"

"ಹೆಬ್ಬೆಟ್ಟು ಒತ್ತಿಸೋವಾಗಲೂ ಇದೇ ಸ್ಥಿತಿ ಇತ್ತು."

ಯಜಮಾನ ಕುರ್ಚಿಯ ಕೈ ಹಿಡಿದು ಎದ್ದು ನಿಂತ. "ನಡಿಯೋ" ಎಂದ ಮಗನಿಗೆ. ಮಗ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಇಬ್ಬರಿಂದಲೂ ಅಪ್ಪಣೆ ಸಿಗದೆ ಹೋದದ್ದು ಅವನ ಜೀವನದಲ್ಲಿ ಅದೇ ಮೊದಲೇನೋ. ಕೊನೆಗೆ ಅಪ್ಪನ ತೋಳು ಹಿಡಿದುಕೊಂಡ. ಅತ್ತೆ ಎರಡು ಹೆಜ್ಜೆ ಹಿಂದೆ ಹೊರಟಳು. ಜೀಪಿನಲ್ಲಿ ಜಾಗವಿರಲಿಲ್ಲ. ನಡೆದೇ ಹೋಗಬೇಕಾಯಿತು, ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ.

"ಅವರು ಬರೆದುಕೊಟ್ಟು ಬಂದ್ರೆ ಇಲ್ಲೇ ಇರ್ತೀರಾ?" ಎಂದು ನಾನು ಕೇಳಿದೆ.

"ಮೊದಲು ಬರಲಿ" ಅಂದಳು ಅವಳು. "ಬಂದು ಬರೆದದ್ದನ್ನ ನನಗೆ ಓದಿ ಹೇಳಲಿ. ಇದ್ರೆ ಯಾರು ಇರಬೇಕು, ಹೋದ್ರೆ ಯಾರು ಹೋಗಬೇಕು ಅಂತ ಆಮೇಲೆ ನಾನು ಹೇಳ್ತೀನಿ."